ಮರಿ ಸಿಗಲಿಲ್ವಾ?

ಹಾಲಿನ ಬೂತಿನ ಮುಂದೆ, ಪಾರ್ಕಿನ ಗೇಟಿನಲ್ಲಿ, ನೆಂಟರ ಮನೆಯಲ್ಲಿ, ಎಲ್ಲ ಕಡೆ ಇದೇ ಪ್ರಶ್ನೆ. "ಇಷ್ಟು ವಯಸ್ಸಾದ ನಾಯಿ ಯಾಕೆ ತಂದ್ರಿ? ಮರಿ ಸಿಗಲಿಲ್ವಾ?" ಅದರ ಬೆನ್ನಿಗೇ ಇನ್ನೊಂದು. "ಮರಿಯಿಂದ ಸಾಕಿದ್ರೇ ಅಲ್ವಾ ನಿಯತ್ತು ಬರೋದು?"

ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ರಸ್ತೆಯಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸಲು ನನಗೆ ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಲಚ್ಚಿ ಲ್ಯಾಬ್ರಡಾರ್. ಯುಗಾದಿಯ ಹೊತ್ತಿಗೆ ನಮ್ಮ ಮನೆಗೆ ಬಂದಳು. ಬೆಂಗಳೂರಿನ ಹೊರಗೆ ಹೈವೇ ಪಕ್ಕದ ಕಂಬಕ್ಕೆ ಯಾರೋ ಕಟ್ಟಿ ಹೋಗಿದ್ದರಂತೆ. ಅಲ್ಲಿಂದ ಒಂದು ಆಶ್ರಯ ಕೇಂದ್ರ ಸೇರಿದ್ದಳು. ಕಟ್ಟಿದವರು ಯಾರೆಂದು ಗೊತ್ತಿಲ್ಲ. ಆದರೆ ಅವಳ ಕಥೆ ಅವಳ ಮೈಮೇಲೇ ಇತ್ತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರ್ ಒಂದೊಂದಾಗಿ ತೋರಿಸಿದರು. ವಯಸ್ಸು ಹತ್ತಿರ ಹತ್ತಿರ ಒಂಬತ್ತು. ಮುಂಗಾಲಿನ ಗಂಟುಗಳಲ್ಲಿ ಕೂದಲು ಹೋಗಿ ಚರ್ಮ ದಪ್ಪಗೆ ಗಟ್ಟಿಯಾಗಿತ್ತು. ವರ್ಷಗಟ್ಟಲೆ ಬರೀ ಸಿಮೆಂಟಿನ ಮೇಲೆ ಮಲಗಿದ ಗುರುತು ಅದು. ಮೊಲೆಗಳು ಜೋತು ಬಿದ್ದಿದ್ದವು. ಕೋರೆಹಲ್ಲುಗಳ ಹಿಂಭಾಗ ಸವೆದು ಹೋಗಿತ್ತು. "ಬೋನಿನ ಸರಳು ಕಚ್ಚಿ ಕಚ್ಚಿ ಹೀಗಾಗತ್ತೆ" ಎಂದರು.

ಮರಿ ಹಾಕಿಸುವುದಕ್ಕೆಂದೇ ಇಟ್ಟುಕೊಂಡ ನಾಯಿ. ಮರಿ ಹಾಕುವುದು ನಿಂತ ಮೇಲೆ ಯಾರಿಗೂ ಬೇಡವಾದಳು.

ಇದಕ್ಕೆ ಕಾನೂನು ಇಲ್ಲ ಎಂದಲ್ಲ. ನಾಯಿ ಮರಿ ಮಾಡಿಸಿ ಮಾರುವವರಿಗಾಗಿ ಕೇಂದ್ರ ಸರ್ಕಾರ 2017ರಲ್ಲಿ ನಿಯಮ ತಂದಿದೆ. ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. 18 ತಿಂಗಳು ತುಂಬದ, 8 ವರ್ಷ ದಾಟಿದ ಹೆಣ್ಣು ನಾಯಿಗೆ ಮರಿ ಹಾಕಿಸುವಂತಿಲ್ಲ. ವರ್ಷಕ್ಕೆ ಒಂದೇ ಸೂಲು, ಇಡೀ ಬದುಕಿನಲ್ಲಿ ಐದಕ್ಕಿಂತ ಜಾಸ್ತಿ ಇಲ್ಲ. ಇನ್ನು ಹೀಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲದ ತಪ್ಪಿಗೆ ಆ ಕಾಯ್ದೆ ಹೇಳುವ ದಂಡ 10ರಿಂದ 50 ರೂಪಾಯಿ. ಒಂದು ಮಸಾಲೆ ದೋಸೆಯ ದುಡ್ಡೂ ಅಲ್ಲ. ಓದಿದ ದಿನ ಬಂದ ಕೋಪ ಇನ್ನೂ ಇಳಿದಿಲ್ಲ.

ಮೊದಲ ದಿನಗಳ ಬಗ್ಗೆ ಹೇಳಬೇಕು. ಯಾಕೆಂದರೆ ತರಬೇಕು ಎಂದುಕೊಂಡವರು ಹೆದರುವುದೂ ಅಲ್ಲೇ, ಸೋಲುವುದೂ ಅಲ್ಲೇ.

ಬಂದವಳು ವಾಷಿಂಗ್ ಮೆಷಿನ್ನಿನ ಹಿಂದೆ ಸೇರಿಕೊಂಡಳು. ನಾವು ಎದುರಿಗಿದ್ದರೆ ತಿನ್ನುತ್ತಿರಲಿಲ್ಲ. ಮೆಟ್ಟಿಲು ಹತ್ತಲು ಬರುತ್ತಿರಲಿಲ್ಲ, ಅಂಥದ್ದೊಂದನ್ನು ಅವಳು ನೋಡೇ ಇರಲಿಲ್ಲವೇನೋ. ಕೇಂದ್ರದವರು ನನಗೆ ಒಂದು ಲೆಕ್ಕ ಹೇಳಿ ಕಳಿಸಿದ್ದರು. ಮೂರು ದಿನ ಹೆದರಿಕೆ, ಮೂರು ವಾರಕ್ಕೆ ಮನೆಯ ರೂಢಿ, ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನಿಸುತ್ತದೆ ಅಂತ. ಲಚ್ಚಿಗೆ ಮೂರು ತಿಂಗಳಾದರೂ ಮೂಲೆ ಬಿಟ್ಟು ನಡುಮನೆಗೆ ಬರಲು ಆಗಲಿಲ್ಲ. ಲೆಕ್ಕ ತಪ್ಪು ಎನ್ನುವುದಿಲ್ಲ. ಅಷ್ಟರಲ್ಲೇ ಆಗಬೇಕು ಎಂದು ಕ್ಯಾಲೆಂಡರ್ ನೋಡುತ್ತಾ ಕೂರಬೇಡಿ, ಅಷ್ಟೇ.

ಎಲ್ಲಕ್ಕಿಂತ ಅವಳು ಹೆದರುತ್ತಿದ್ದದ್ದು ಪೊರಕೆಗೆ. ಅಮ್ಮ ಕೈಗೆತ್ತಿಕೊಂಡರೆ ಸಾಕು, ಬಾಲ ಕಾಲ ಸಂದಿಗೆ ಹೋಗುತ್ತಿತ್ತು, ನಿಂತಲ್ಲೇ ಉಚ್ಚೆ ಮಾಡಿಕೊಳ್ಳುತ್ತಿದ್ದಳು. "ಮನೆಗೆ ಯಾರಾದ್ರೂ ಮುದಿ ನಾಯಿ ತರ್ತಾರೇನೇ?" ಎಂದು ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದವಳು ಅಮ್ಮ. ಅದೇ ಅಮ್ಮ ಅವತ್ತು ಪೊರಕೆಯನ್ನು ಹಿತ್ತಲಿಗೆ ಒಯ್ದು ಬಚ್ಚಿಟ್ಟಳು. ಆಮೇಲಿಂದ ನಾನು ಲಚ್ಚಿಯನ್ನು ಹೊರಗೆ ಕರೆದೊಯ್ದಾಗ ಮಾತ್ರ ಮನೆ ಗುಡಿಸುತ್ತಿದ್ದಳು.

ನಾವು ಮಾಡಿದ್ದು ತುಂಬಾ ಕಡಿಮೆ. ದಿನಾ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅದೇ ತಟ್ಟೆ. ಯಾರೂ ಕೂಗಿ ಕರೆಯಬಾರದು, ಬಗ್ಗಿ ಮುಟ್ಟಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಸಂಜೆ ನಾನು ಅವಳ ಕಡೆಗೆ ಬೆನ್ನು ತಿರುಗಿಸಿ ನೆಲದ ಮೇಲೆ ಸುಮ್ನೆ ಪೇಪರ್ ಓದುತ್ತಾ ಕೂರುತ್ತಿದ್ದೆ. ಪ್ರೀತಿ ತೋರಿಸುವ ಆತುರವನ್ನು ತಡೆದುಕೊಳ್ಳುವುದೇ ನನಗೆ ಕಷ್ಟವಾಗಿತ್ತು.

ಒಂದು ಸಲ ತಟ್ಟೆ ಎತ್ತಲು ಹೋದಾಗ ಗುರ್ ಎಂದಳು. ಅಲ್ಲೇ ಇದ್ದ ಮಾವ, "ಎರಡು ಬಿಡು, ಬುದ್ಧಿ ಬರತ್ತೆ" ಎಂದರು. ದಯವಿಟ್ಟು ಈ ಮಾತು ಕೇಳಬೇಡಿ. ಗುರ್ ಎನ್ನುವುದು ನಾಯಿ ಕೊಡುವ ಎಚ್ಚರಿಕೆ. ಅದಕ್ಕೆ ಹೊಡೆದರೆ ಹೆದರಿಕೆ ಹೋಗುವುದಿಲ್ಲ, ಎಚ್ಚರಿಕೆ ಕೊಡುವುದು ನಿಲ್ಲುತ್ತದೆ. ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ. ನಾನು ಹಿಂದೆ ಸರಿದೆ. ಮರುದಿನದಿಂದ ತಟ್ಟೆಯ ಹತ್ತಿರ ಹೋದಾಗಲೆಲ್ಲ ಒಂದು ಚೂರು ಬೇಯಿಸಿದ ಕೋಳಿ ದೂರದಿಂದಲೇ ಹಾಕಿದೆ. ನಾನು ಹತ್ತಿರ ಬಂದರೆ ಕಳೆದುಕೊಳ್ಳುವುದಿಲ್ಲ, ಸಿಗುತ್ತದೆ ಎಂದು ಅವಳಿಗೆ ಗೊತ್ತಾಗಲು ಒಂದು ತಿಂಗಳಾಯಿತು. ಆಕಳಿಸುವುದು, ತುಟಿ ನೆಕ್ಕುವುದು, ಮುಖ ಪಕ್ಕಕ್ಕೆ ತಿರುಗಿಸುವುದು, ಇವೂ ಎಷ್ಟೋ ಸಲ ನಿದ್ದೆಯೂ ಅಲ್ಲ, ಹಸಿವೂ ಅಲ್ಲ. "ನನಗೆ ಭಯವಾಗ್ತಿದೆ, ಸ್ವಲ್ಪ ದೂರ ಇರು" ಎನ್ನುವ ಮಾತು.

ಖರ್ಚಿನ ವಿಷಯ ಮುಚ್ಚಿಡುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಉಣ್ಣೆ ಕಡಿತದ ಜ್ವರ ಗೊತ್ತಾಯಿತು, ನಾಲ್ಕು ವಾರ ಮಾತ್ರೆ. ಮೊಲೆಯಲ್ಲಿ ಗಂಟಿತ್ತು. ಅದನ್ನು ತೆಗೆಯುವಾಗಲೇ ಗರ್ಭಕೋಶವನ್ನೂ ತೆಗೆಸಿದೆವು. ಆಪರೇಷನ್ ಆಗದ ವಯಸ್ಸಾದ ಹೆಣ್ಣು ನಾಯಿಗಳ ಗರ್ಭಕೋಶದಲ್ಲಿ ಕೀವು ತುಂಬಿ ಜೀವಕ್ಕೇ ಅಪಾಯವಾಗುವುದುಂಟು. ಕಣ್ಣು ನೀಲಿ ನೀಲಿಯಾಗಿ ಮಂಜಾಗಿದ್ದದ್ದು ನೋಡಿ ಪೊರೆ ಎಂದು ಹೆದರಿದ್ದೆ. ವಯಸ್ಸಿಗೆ ಹಾಗಾಗುತ್ತದೆ, ಕಾಣಿಸುತ್ತದೆ ಎಂದರು ಡಾಕ್ಟರ್. ಕೀಲು ನೋವಿಗೆ ಅಂತ ಮನೆಯಲ್ಲಿರುವ ಡೋಲೋ, ಬ್ರೂಫೆನ್ ಮಾತ್ರ ಯಾವತ್ತೂ ಕೊಡಬೇಡಿ. ನಮ್ಮ ಮಾತ್ರೆಗಳು ನಾಯಿಯ ಜೀವ ತೆಗೆಯಬಹುದು.

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ, ಇಡೀ ದಿನ ಬಾಗಿಲು ಹಾಕಿ ಹೋಗುವವರಾದರೆ, ಇಂಥ ನಾಯಿ ಈಗಲೇ ಬೇಡ ಎಂದು ನಾನೇ ಹೇಳುತ್ತೇನೆ. ಎರಡನೇ ಸಲ ಬಿಟ್ಟು ಹೋಗಿಸಿಕೊಳ್ಳುವ ಶಕ್ತಿ ಇವಕ್ಕೆ ಇರುವುದಿಲ್ಲ.

ಇನ್ನು ನಿಯತ್ತಿನ ಪ್ರಶ್ನೆ. ಆ ಮಾತಿನಲ್ಲಿ ಒಂದು ಲೆಕ್ಕ ಇದೆ. ಅನ್ನ ಹಾಕಿದ್ದೇವೆ, ತಿರುಗಿ ಏನಾದರೂ ಬರಬೇಕು ಅಂತ. ಲಚ್ಚಿ ಒಂಬತ್ತು ವರ್ಷ ಬರೀ ಕೊಟ್ಟವಳು. ಹಾಕಿದ ಒಂದು ಮರಿಯೂ ಅವಳ ಹತ್ತಿರ ಉಳಿಯಲಿಲ್ಲ. ಯಾವ ಅನ್ನದ ಋಣವೂ ಅವಳ ತಲೆಯ ಮೇಲಿಲ್ಲ. ಏನೂ ಕೊಡದೆ, ಯಾರನ್ನೂ ಮೆಚ್ಚಿಸದೆ, ಹೊಟ್ಟೆ ತುಂಬಾ ತಿಂದು ಮಲಗುವ ಒಂದು ಮನೆ ಅವಳಿಗೆ ಬೇಕಿತ್ತು. ಮರಿಗಳನ್ನು ಕೇಳುವವರು ನೂರು ಜನ ಇದ್ದಾರೆ. ಇವಳನ್ನು ಕೇಳುವವರು ಇರಲಿಲ್ಲ. ಅದಕ್ಕೇ ತಂದೆ.

ಎಷ್ಟು ದಿನ ಇರುತ್ತಾಳೆ ಎಂದೂ ಕೇಳುತ್ತಾರೆ. ಲ್ಯಾಬ್ರಡಾರ್ ಸಾಮಾನ್ಯವಾಗಿ 10ರಿಂದ 12 ವರ್ಷ ಬದುಕುತ್ತದೆ. ನನಗೂ ಕೂಡಿ ಕಳೆಯಲು ಬರುತ್ತದೆ. ಹೋದ ದಿನ ತುಂಬಾ ಅಳುತ್ತೇನೆ. ಅದು ಗೊತ್ತಿದ್ದೇ ಕರೆದುಕೊಂಡು ಬಂದೆ.

ಈಗ ಅವರೆಕಾಯಿ ಕಾಲ. ಮೊನ್ನೆ ಮಧ್ಯಾಹ್ನ ಅಮ್ಮ ನಡುಮನೆಯಲ್ಲಿ ಕಾಲು ಚಾಚಿ ಕೂತು ಕಾಯಿ ಸುಲಿಯುತ್ತಿದ್ದಳು. ಲಚ್ಚಿ ತಾನೇ ಬಂದು ಮೊರ ಮೂಸಿ, ಅಮ್ಮನ ಮೊಣಕಾಲಿಗೆ ಬೆನ್ನು ಒತ್ತಿ ಮಲಗಿದಳು. ಸುಲಿದಾದ ಮೇಲೆ ಅಮ್ಮ ಮೆಲ್ಲಗೆ ಎದ್ದು, ಮರೆತು, ಪೊರಕೆ ತಂದುಬಿಟ್ಟಳು. ನಾನು ಬಾಗಿಲಲ್ಲೇ ನಿಂತೆ. ಲಚ್ಚಿ ತಲೆ ಎತ್ತಿದಳು. ಮೈ ಬಿಗಿಯಾಯಿತು. ಅಮ್ಮನಿಗೂ ಆಗ ನೆನಪಾಗಿ ಕೈ ಅಲ್ಲೇ ನಿಂತಿತು. ಲಚ್ಚಿ ಪೊರಕೆ ನೋಡಿದಳು, ಅಮ್ಮನ ಮುಖ ನೋಡಿದಳು. ಆಮೇಲೆ ಮತ್ತೆ ತಲೆಯನ್ನು ನೆಲಕ್ಕೆ ಇಟ್ಟಳು.

ಅವಳು ಮಲಗಿದ್ದಷ್ಟು ಜಾಗ ಬಿಟ್ಟು, ಸುತ್ತಲಿನ ಸಿಪ್ಪೆಯನ್ನೆಲ್ಲ ನಿಧಾನವಾಗಿ ಗುಡಿಸಿಕೊಂಡು ಅಮ್ಮ ಹಿತ್ತಲಿಗೆ ಹೋದಳು.