ಹಳೇ ಮಸ್ಟಾಂಗ್‌ಗೆ ಮಾಸ್ ಏರ್: ಗುಜರಿ ಪಾರ್ಟ್ಸಲ್ಲಿ, ಕಮ್ಮಿ ದುಡ್ಡಲ್ಲಿ

1987 ಅಥವಾ 88ರ ಫೋರ್ಡ್ ಮಸ್ಟಾಂಗ್ 5.0 (5 ಲೀಟರ್ ಇಂಜಿನ್ ಕಾರು) ಇಟ್ಕೊಂಡು ಅದಕ್ಕೆ ಬೇರೆ ಕ್ಯಾಮ್ (ಇಂಜಿನ್ ವಾಲ್ವ್‌ಗಳನ್ನ ತೆಗೆದು ಮುಚ್ಚೋ ಶಾಫ್ಟ್) ಹಾಕ್ಸಿದೋರು ಹೆಚ್ಚು ಕಮ್ಮಿ ಒಂದೇ ದೂರು ಹೇಳ್ತಾರೆ. ಸಿಗ್ನಲ್‌ನಲ್ಲಿ ನಿಂತ್ರೆ ಐಡಲಿಂಗ್ ಏರತ್ತೆ ಇಳಿಯತ್ತೆ, ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯತ್ತೆ, ಒಂದೊಂದ್ಸಲ ಇಂಜಿನ್ ಆಫೇ ಆಗೋಗತ್ತೆ. ನನ್ನ 87ರ ಜಿಟಿದೂ ಇದೇ ಕತೆ ಇತ್ತು. ಹಿಂದಿನ ಓನರ್ ಇ303 ಅನ್ನೋ ದೊಡ್ಡ ಕ್ಯಾಮ್ ಹಾಕ್ಸಿದ್ರು, ಕಂಪ್ಯೂಟರ್ ಮಾತ್ರ ಫ್ಯಾಕ್ಟರಿದೇ. ಇಲ್ಲಿ ಮಿಷಿಗನ್‌ನಲ್ಲಿ ಈ ಕಾರು ನೋಡಿದೋರೆಲ್ಲ ಒಂದೇ ಮಾತು ಹೇಳೋರು, ಮಾಸ್ ಏರ್ ಮಾಡ್ಸು ಅಂತ, ಅಂದ್ರೆ ಇಂಜಿನ್‌ಗೆ ಹೋಗೋ ಗಾಳಿಯನ್ನ ನೇರವಾಗಿ ಅಳೆಯೋ ಮೀಟರ್ ಹಾಕ್ಸು ಅಂತ. ಆದ್ರೆ ಹೊಸ ಕಿಟ್ ತಗೊಂಡ್ರೆ ನೂರಾರು ಡಾಲರ್, ಕಾರಿಗೆ ಕೊಟ್ಟ ದುಡ್ಡು ನೋಡಿದ್ರೆ ಅದು ಯಾಕೋ ಸರಿ ಅನ್ನಿಸ್ಲಿಲ್ಲ, ಅದಕ್ಕೆ ಹಳೇ ಪಾರ್ಟ್ಸ್ ಸೇರಿಸ್ಕೊಂಡು ನಾನೇ ಮಾಡಿದೆ. ಕನ್ನಡದಲ್ಲಿ ಇದನ್ನ ಬರೆದೋರು ನನಗೆ ಸಿಗ್ಲಿಲ್ಲ, ಹಾಗಾಗಿ ವಿವರವಾಗಿ ಬರೀತಿದೀನಿ.

ಮೊದಲು ತೊಂದರೆ ಎಲ್ಲಿಂದ ಬರತ್ತೆ ಅಂತ ನೋಡಿ. ಆ ವರ್ಷಗಳ ಗಾಡಿಲಿ ಇರೋದು ಸ್ಪೀಡ್ ಡೆನ್ಸಿಟಿ ಸಿಸ್ಟಮ್. ಇಂಜಿನ್ ಎಷ್ಟು ಗಾಳಿ ಎಳ್ಕೊಳ್ತಿದೆ ಅಂತ ಕಂಪ್ಯೂಟರ್ ನೇರವಾಗಿ ಅಳೆಯೋದೇ ಇಲ್ಲ. ಮ್ಯಾನಿಫೋಲ್ಡ್ (ಇಂಜಿನ್‌ಗೆ ಗಾಳಿ ಹಂಚೋ ಪೈಪು) ಪ್ರೆಶರ್ ಎಷ್ಟಿದೆ (ಇದನ್ನ ನೋಡೋದು ಮ್ಯಾಪ್ ಸೆನ್ಸರ್), ಗಾಳಿ ಎಷ್ಟು ಬಿಸಿ, ಆರ್‌ಪಿಎಂ ಎಷ್ಟು, ಇಷ್ಟು ನೋಡಿ ಒಳಗಿರೋ ಟೇಬಲ್‌ನಿಂದ ಲೆಕ್ಕ ಹಾಕತ್ತೆ. ಆ ಟೇಬಲ್ ಫ್ಯಾಕ್ಟರಿ ಕ್ಯಾಮ್‌ಗೆ, ಫ್ಯಾಕ್ಟರಿ ಹೆಡ್‌ಗೆ ಅಂತ ಚಿಪ್‌ನಲ್ಲಿ ಬರೆದಿಟ್ಟಿರೋದು. ದೊಡ್ಡ ಕ್ಯಾಮ್ ಹಾಕಿದಾಗ ವಾಲ್ವ್ ಓವರ್‌ಲ್ಯಾಪ್ (ಒಳಗೆ ಬಿಡೋ, ಹೊರಗೆ ಬಿಡೋ ವಾಲ್ವ್ ಎರಡೂ ಒಟ್ಟಿಗೆ ತೆರೆದಿರೋ ಹೊತ್ತು) ಜಾಸ್ತಿಯಾಗಿ ಐಡಲಿಂಗ್‌ನಲ್ಲಿ ವ್ಯಾಕ್ಯೂಮ್ ಬೀಳತ್ತೆ, ವ್ಯಾಕ್ಯೂಮ್ ಬಿತ್ತು ಅಂದ್ರೆ ಡ್ರೈವರ್ ಆಕ್ಸಲರೇಟರ್ ತುಳಿದಿದ್ದಾನೆ ಅಂತ ಕಂಪ್ಯೂಟರ್ ತಿಳ್ಕೊಂಡು ಪೆಟ್ರೋಲ್ ಸುರಿಯತ್ತೆ. ಆಕ್ಸಿಜನ್ ಸೆನ್ಸರ್ ಸರಿ ಮಾಡೋಕೆ ನೋಡತ್ತೆ, ಆದ್ರೆ ಅದಕ್ಕೂ ಒಂದು ಮಿತಿ ಇದೆ.

ಮಾಸ್ ಏರ್‌ನಲ್ಲಿ ಗಾಳಿ ಬರೋ ದಾರೀಲೇ ಒಂದು ಬಿಸಿ ತಂತಿ ಇರತ್ತೆ. ಗಾಳಿ ಹೋಗ್ತಾ ಹೋಗ್ತಾ ಅದನ್ನ ತಣ್ಣಗೆ ಮಾಡತ್ತೆ, ಅದೇ ಬಿಸಿ ಉಳಿಸ್ಕೊಳ್ಳೋಕೆ ಎಷ್ಟು ಕರೆಂಟ್ ಬೇಕು ಅನ್ನೋದೇ ಅಳತೆ. ತಣ್ಣಗಿನ ದಟ್ಟ ಗಾಳಿ ಜಾಸ್ತಿ ತಂಪು ಮಾಡತ್ತೆ, ಹಾಗಾಗಿ ಸಿಗೋದು ನೇರವಾಗಿ ಗಾಳಿಯ ತೂಕ. ಒಳಗೆ ಯಾವ ಕ್ಯಾಮ್ ಇದ್ರೂ ಇದಕ್ಕೆ ತಲೆಬಿಸಿ ಇಲ್ಲ. ಫೋರ್ಡ್ ಇದನ್ನ 1988ರಲ್ಲಿ ಕ್ಯಾಲಿಫೋರ್ನಿಯಾಗೆ ಹೋಗೋ ಮಸ್ಟಾಂಗ್‌ಗಳಿಗೆ ಮೊದಲು ಹಾಕ್ತು, 1989ರಿಂದ ಎಲ್ಲಾ 5.0ಗೂ ಬಂತು, 93ರವರೆಗೂ ಇತ್ತು. ಅಂದ್ರೆ ಅದೇ ಇಂಜಿನ್‌ಗೆ ಅದೇ ಕಂಪನಿ ಮಾಡಿರೋ ಪಾರ್ಟ್ಸ್ ಗುಜರೀಲಿ ಇದಾವೆ, ನಮ್ಮ ಕಮ್ಮಿ ಖರ್ಚಿನ ದಾರಿ ಅದೇ.

ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ, ನಿಮ್ಮ ಇಂಜಿನ್ ಸ್ಟಾಕ್ ಆಗಿದ್ರೆ, ಅಂದ್ರೆ ಫ್ಯಾಕ್ಟರಿಯಿಂದ ಬಂದ ಹಾಗೇ ಇದ್ರೆ, ಇದನ್ನ ಮಾಡ್ಬೇಡಿ. ಸ್ಪೀಡ್ ಡೆನ್ಸಿಟಿ ಕೆಟ್ಟ ಸಿಸ್ಟಮ್ ಅಲ್ಲ, 87ರ ಗಾಡಿ ಅದ್ರಲ್ಲೇ 225 ಹಾರ್ಸ್‌ಪವರ್ ಕೊಡ್ತಿತ್ತು, ಮಾಸ್ ಏರ್ ಹಾಕಿದ ಮಾತ್ರಕ್ಕೆ ಪವರ್ ಹುಟ್ಟಲ್ಲ. ಊರಲ್ಲಿ ಮಾರುತಿಯ ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಎಸ್ಟೀಮ್ ಓಡಿಸಿದೋರಿಗೆ ಗೊತ್ತಿರತ್ತೆ, ಅದೂ ಮ್ಯಾಪ್ ಸೆನ್ಸರ್ ಮೇಲೇ ಎಷ್ಟು ಚೆನ್ನಾಗಿ ಓಡ್ತಿತ್ತು ಅಂತ. ಇನ್ನೊಂದು, ಕ್ಯಾಲಿಫೋರ್ನಿಯಾದಲ್ಲಿ ಇರೋರು ಮೊದಲು ಸ್ಮಾಗ್ ನಿಯಮ ನೋಡ್ಕೊಳಿ. ನಮ್ಮ ಮಿಷಿಗನ್‌ನಲ್ಲಿ ಎಮಿಷನ್ ಟೆಸ್ಟ್ ಇಲ್ಲ, ಅದಕ್ಕೆ ನನಗೆ ಆ ಚಿಂತೆ ಇರ್ಲಿಲ್ಲ.

ಬೇಕಾಗೋದು ಏನಪ್ಪಾ ಅಂದ್ರೆ 89–93ರ ಕಂಪ್ಯೂಟರ್, 55 ಎಂಎಂ ಮಾಸ್ ಏರ್ ಮೀಟರ್ ಅದರ ಬ್ರಾಕೆಟ್ ಸಮೇತ, ಮೀಟರ್‌ನಿಂದ ಥ್ರಾಟಲ್ ಬಾಡಿವರೆಗಿನ (ಆಕ್ಸಲರೇಟರ್ ತುಳಿದಾಗ ತೆರೆಯೋ ಗಾಳಿ ಬಾಗಿಲು) ರಬ್ಬರ್ ಪೈಪು, ಮತ್ತೆ ಮೀಟರಿನ ಪ್ಲಗ್, ಅದನ್ನ ಉದ್ದ ವೈರ್ ಬಿಟ್ಟು ಕತ್ತರಿಸ್ಕೊಳಿ. ಗುಜರೀಲಿ ನಿಂತಿರೋ ಗಾಡಿಯ ಕಂಪ್ಯೂಟರ್ ಕನೆಕ್ಟರ್‌ನಿಂದ ಒಂದಷ್ಟು ಟರ್ಮಿನಲ್ ಪಿನ್‌ಗಳನ್ನೂ ವೈರ್ ಸಮೇತ ಕಿತ್ಕೊಂಡು ಬನ್ನಿ, ಅವನ್ನೇ ಬಿಡಿಯಾಗಿ ಹುಡುಕಿ ತರಿಸೋದು ದೊಡ್ಡ ತಲೆನೋವು. ಕಂಪ್ಯೂಟರ್‌ನಲ್ಲಿ ಎಲ್ಲರೂ ಹುಡುಕೋದು ಎ9ಎಲ್, ಅದು ಮ್ಯಾನುಯಲ್ ಗೇರಿಂದು, ಅದಕ್ಕೇ ರೇಟೂ ಏರಿ ಕೂತಿದೆ. ಆಟೊಮ್ಯಾಟಿಕ್ ಗಾಡಿಯ ಎ9ಪಿ ಮ್ಯಾನುಯಲ್‌ನಲ್ಲೂ ಓಡತ್ತೆ, ಕಮ್ಮಿಗೆ ಸಿಕ್ರೆ ಯೋಚನೆ ಮಾಡ್ದೆ ತಗೊಳಿ. ಮೀಟರ್ ವಿಷಯದಲ್ಲಿ ಒಂದು ಎಚ್ಚರ: ಎಲೆಕ್ಟ್ರಾನಿಕ್ಸ್ ಒಂದರದು, ಹೊರಗಿನ ಹೌಸಿಂಗ್ ಇನ್ನೊಂದರದು ಅಂತ ಸೇರಿಸ್ಬಾರ್ದು, ಅವೆರಡೂ ಜೋಡಿ.

ಈಗ ನನಗೆ ತುಂಬಾ ಮುಖ್ಯ ಅನ್ಸೋ ಕೆಲಸ, ಇದನ್ನ ಬಿಟ್ಟೋರೇ ಜಾಸ್ತಿ. ಗುಜರಿ ಕಂಪ್ಯೂಟರ್ ಗಾಡಿಗೆ ಹಾಕೋ ಮುಂಚೆ ಬಿಚ್ಚಿ ನೋಡಿ. ಸ್ಕ್ರೂ ತೆಗೆದು ಮುಚ್ಚಳ ಸರಿಸಿದ್ರೆ ಬೋರ್ಡಿನ ಮೇಲೆ ಮೂರು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಕಾಣ್ತವೆ, ಎರಡು 47 ಮೈಕ್ರೋಫ್ಯಾರಡ್ 16 ವೋಲ್ಟಿಂದು, ಒಂದು 10 ಮೈಕ್ರೋಫ್ಯಾರಡ್ 63 ವೋಲ್ಟಿಂದು. ಮೂವತ್ತು ವರ್ಷ ದಾಟಿದ ಮೇಲೆ ಇವು ಸೋರ್ತವೆ. ನನಗೆ ಸಿಕ್ಕಿದ್ರಲ್ಲಿ ಒಂದರ ಕಾಲ ಬುಡದಲ್ಲಿ ಹಸಿರು ಪಾಚಿ ಥರ ಕಟ್ಟಿತ್ತು, ಬೋರ್ಡ್ ಮೇಲಿನ ಮೆರುಗು ಅಲ್ಲಿ ಮಾತ್ರ ಹೋಗಿ ಮಂಕಾಗಿತ್ತು, ಸೋಲ್ಡರಿಂಗ್ ಐರನ್ ಇಟ್ಟ ತಕ್ಷಣ ಮೀನಿನ ವಾಸನೆ ಬಂತು. ಹಳೇದು ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬ್ರಷ್ ಹಾಕಿ ತೊಳೆದು, ಟ್ರೇಸ್ (ಬೋರ್ಡ್ ಮೇಲಿನ ತಾಮ್ರದ ಗೆರೆ) ಕಟ್ ಆಗಿಲ್ಲ ಅಂತ ಮಲ್ಟಿಮೀಟರ್‌ನಲ್ಲಿ ನೋಡ್ಕೊಂಡು ಹೊಸದು ಹಾಕಿದೆ, 105 ಡಿಗ್ರಿ ತಡ್ಕೊಳ್ಳೋ ಥರದ್ದು. ಮೂರೂ ಸೇರಿ ಒಂದು ಕಾಫಿಗಿಂತ ಕಮ್ಮಿ ಖರ್ಚು. ಇದನ್ನ ಮಾಡ್ದೆ ಹಾಕಿ, ಆಮೇಲೆ ಮಾಸ್ ಏರೇ ಸರಿ ಇಲ್ಲ ಅಂತ ಕೈಬಿಟ್ಟವರನ್ನ ನೋಡಿ ನಿಜವಾಗ್ಲೂ ಬೇಜಾರಾಗಿದೆ.

ವೈರಿಂಗ್ ಅಂದ್ರೆ ಜನ ಹೆದರ್ತಾರೆ, ಆದ್ರೆ ಮೀಟರ್‌ಗೆ ಇರೋದೇ ನಾಲ್ಕು ತಂತಿ. ಎ ಪವರ್, ಬಿ ಗ್ರೌಂಡ್, ಸಿ ಸಿಗ್ನಲ್ ರಿಟರ್ನ್, ಡಿ ಸಿಗ್ನಲ್. ಎಡಗಡೆ ಸ್ಟೀರಿಂಗ್ ಇರೋ ಈ ಗಾಡಿಲಿ ಕಂಪ್ಯೂಟರ್ ಪ್ಯಾಸೆಂಜರ್ ಕಾಲಿನ ಪಕ್ಕದ ಪ್ಯಾನೆಲ್ ಹಿಂದೆ ಇದೆ, 60 ಪಿನ್ ಕನೆಕ್ಟರ್‌ನ ನಡುವೆ ಒಂದು 10 ಎಂಎಂ ಬೋಲ್ಟ್. ಬ್ಯಾಟರಿ ಬಿಚ್ಚಿದ ಮೇಲೇ ಅದಕ್ಕೆ ಕೈ ಹಾಕಿ. ಸಿಗ್ನಲ್ ಪಿನ್ 50ಕ್ಕೆ, ರಿಟರ್ನ್ ಪಿನ್ 9ಕ್ಕೆ, ಈ ಎರಡನ್ನೂ ಒಂದಕ್ಕೊಂದು ಹೊಸೆದು ಸ್ಪಾರ್ಕ್ ಪ್ಲಗ್ ವೈರ್‌ಗಳಿಂದ ದೂರ ಎಳೀರಿ. ಥರ್ಮ್ಯಾಕ್ಟರ್ (ಹೊಗೆ ಕಮ್ಮಿ ಮಾಡೋಕೆ ಎಕ್ಸಾಸ್ಟ್‌ಗೆ ಗಾಳಿ ಊದೋ ವ್ಯವಸ್ಥೆ) ಸೊಲೆನಾಯ್ಡ್‌ಗಳ ವೈರು ಬೇರೆ ಪಿನ್‌ಗೆ ಹೋಗ್ಬೇಕು, ಫ್ಯೂಯಲ್ ಪಂಪ್ ಮಾನಿಟರ್ ವೈರ್ ಸೇರಿಸ್ಬೇಕು, ಗಾಡಿಲಿ ಸ್ಪೀಡ್ ಸೆನ್ಸರ್ ಇಲ್ದಿದ್ರೆ ಅದೂ ಬೇಕು. ಇವಕ್ಕೆ ನಿಮ್ಮ ಗಾಡಿಯ ವರ್ಷದ ವೈರಿಂಗ್ ಡಯಾಗ್ರಮ್ ಮುಂದಿಟ್ಕೊಂಡೇ ಕೆಲಸ ಮಾಡಿ, ನೆನಪಿನ ಮೇಲೆ ಬೇಡ.

ಮ್ಯಾಪ್ ಸೆನ್ಸರ್ ಕಿತ್ತು ಬಿಸಾಕ್ಬೇಡಿ. ಅದರ ವ್ಯಾಕ್ಯೂಮ್ ಹೋಸ್ ಮಾತ್ರ ತೆಗೆದು, ಮ್ಯಾನಿಫೋಲ್ಡ್ ಕಡೆ ತುದಿಗೆ ಕ್ಯಾಪ್ ಹಾಕಿ, ಸೆನ್ಸರ್ ಬಾಯಿ ಗಾಳಿಗೆ ತೆರೆದಿರ್ಲಿ, ಪ್ಲಗ್ ಹಾಗೇ ಇರ್ಲಿ. ಹೊಸ ಕಂಪ್ಯೂಟರ್ ಅದನ್ನ ಹೊರಗಿನ ವಾಯುಭಾರ ನೋಡೋಕೆ ಬಳಸ್ಕೊಳ್ಳತ್ತೆ.

ಇನ್ನು ಗಾಳಿ ಲೀಕ್. ಮುಂಚೆ ವ್ಯಾಕ್ಯೂಮ್ ಲೀಕ್ ಇದ್ರೆ ಮ್ಯಾಪ್ ಸೆನ್ಸರ್ ಅದನ್ನೂ ಲೆಕ್ಕಕ್ಕೆ ತಗೊಂಡು ಪೆಟ್ರೋಲ್ ಸೇರಿಸ್ತಿತ್ತು, ಐಡಲಿಂಗ್ ಸ್ವಲ್ಪ ಜಾಸ್ತಿ ಅಷ್ಟೇ. ಈಗ ಮೀಟರ್ ದಾಟಿದ ಮೇಲೆ ಒಳಗೆ ನುಗ್ಗೋ ಗಾಳಿಯ ಲೆಕ್ಕ ಯಾರಿಗೂ ಸಿಗಲ್ಲ, ಇಂಜಿನ್ ಲೀನ್ ಆಗಿ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಉಸಿರು ಕಟ್ಟಿದ ಹಾಗೆ ಮಾಡತ್ತೆ. ತುಮಕೂರಲ್ಲಿ ಗ್ಯಾರೇಜ್ ಇಟ್ಟಿರೋ ನಮ್ಮ ಚಿಕ್ಕಪ್ಪಂಗೆ ಫೋನ್ ಮಾಡಿದಾಗ ಅವರು, "ಏನೂ ಮಿಷಿನ್ ಬೇಡ ಕಣೋ, ಒಂದು ಉದ್ದ ಹೋಸ್ ತಗೋ, ಒಂದು ತುದಿ ಕಿವೀಲಿ, ಇನ್ನೊಂದು ತುದಿ ಜಾಯಿಂಟ್ ಹತ್ರ ಆಡಿಸು, ಫ್ಯಾನ್‌ನಿಂದ ದೂರ ಇರು" ಅಂದ್ರು. ಪಿಸಿವಿ (ಇಂಜಿನ್ ಒಳಗಿನ ಹೊಗೆ ವಾಪಸ್ ಎಳ್ಕೊಳ್ಳೋ ವಾಲ್ವ್) ಹಿಂದಿನ ಸಣ್ಣ ಮೊಣಕೈ ರಬ್ಬರ್ ಹತ್ರ ಹೋಸ್ ಹೋಗ್ತಿದ್ದಂಗೆ ಸುಯ್ ಅಂತ ಜೋರಾಗಿ ಕೇಳ್ತು, ಕೈಯಲ್ಲಿ ಮಡಚಿ ನೋಡಿದ್ರೆ ಕೆಳಗಡೆ ಉದ್ದಕ್ಕೂ ಸೀಳಿತ್ತು. ನಮ್ಮ ಚಿಕ್ಕಪ್ಪ ಅಂಬಾಸಿಡರ್ ಕಾಲದಿಂದ ಮಾಡ್ತಿರೋ ಕೆಲಸ ಇದು, ಅವರಿಗೆ ನಾನು ಋಣಿ.

ಸ್ಟಾರ್ಟ್ ಮಾಡೋ ಮುಂಚೆ ಕಂಪ್ಯೂಟರ್ ಕೊಡೋ ದೋಷದ ಕೋಡ್ ಓದಿ. ಸ್ಕ್ಯಾನರ್ ಬೇಡ, ಮುಳ್ಳಿರೋ ಹಳೇ ವೋಲ್ಟ್ ಮೀಟರ್ ಮತ್ತೆ ಒಂದು ತುಂಡು ವೈರ್ ಸಾಕು. ಟೆಸ್ಟ್ ಕನೆಕ್ಟರ್ ಜಂಪ್ ಮಾಡಿ ಕೀ ಆನ್ ಮಾಡಿದ್ರೆ ಮುಳ್ಳು ಎದ್ದು ಬೀಳತ್ತೆ, ಒಂದ್ಸಲ ಎದ್ದು ಸ್ವಲ್ಪ ತಡೆದು ಮತ್ತೆ ಒಂದ್ಸಲ ಎದ್ರೆ 11, ಎಲ್ಲಾ ಸರಿ ಅಂತ. 26 ಬಂದ್ರೆ ಮೀಟರ್ ವೋಲ್ಟೇಜ್ ಮಿತಿ ಮೀರಿದೆ, 66 ಬಂದ್ರೆ ಸಿಗ್ನಲ್ ತೀರಾ ಕಮ್ಮಿ, ಮೊದಲು ಪ್ಲಗ್ಗೂ ವೈರೂ ನೋಡಿ. ಆಮೇಲೆ ಸ್ಪೌಟ್ ಪ್ಲಗ್ (ಇದನ್ನ ತೆಗೆದ್ರೆ ಕಂಪ್ಯೂಟರ್ ಟೈಮಿಂಗ್ ಬದಲಾಯಿಸಲ್ಲ) ತೆಗೆದು ಸ್ಪಾರ್ಕ್ ಟೈಮಿಂಗ್ 10 ಡಿಗ್ರಿಗೆ ಇಡಿ. ಪ್ರೆಶರ್ ರೆಗ್ಯುಲೇಟರ್‌ನ ವ್ಯಾಕ್ಯೂಮ್ ಹೋಸ್ ಬಿಚ್ಚಿದಾಗ ಪೆಟ್ರೋಲ್ ಪ್ರೆಶರ್ 39 ಪಿಎಸ್‌ಐ ಹತ್ರ ಇರ್ಬೇಕು.

ಈಗ ನನ್ನ ಗಾಡಿ ಸಿಗ್ನಲ್‌ನಲ್ಲಿ ಆಫ್ ಆಗಲ್ಲ, ಕ್ಯಾಮ್‌ನ ಆ ದಡಬಡ ಸದ್ದು ಇದ್ದೇ ಇದೆ, ಅದು ಇರ್ಲಿ ಅಂತಾನೇ ನನಗೂ ಆಸೆ, ಆದ್ರೆ ಕಣ್ಣುರಿಸೋ ಪೆಟ್ರೋಲ್ ವಾಸನೆ ಹೋಯ್ತು.

ಮುಂದೆ ದೊಡ್ಡ ಇಂಜೆಕ್ಟರ್ ಹಾಕೋ ಯೋಚನೆ ಇರೋರಿಗೆ ಒಂದು ವಿಷಯ. 24 ಪೌಂಡ್ (ಗಂಟೆಗೆ ಅಷ್ಟು ಪೆಟ್ರೋಲ್ ಬಿಡೋ) ಇಂಜೆಕ್ಟರ್‌ಗೆ ಕ್ಯಾಲಿಬ್ರೇಟ್ ಮಾಡಿರೋ ಮೀಟರ್ ಅಂತ ಮಾರ್ತಾರೆ, ಫಳಫಳ ಹೊಳೆಯತ್ತೆ. ಸ್ಟಾಕ್ ಕಂಪ್ಯೂಟರ್‌ಗೆ ಗೊತ್ತಿರೋದು 19 ಪೌಂಡ್ ಇಂಜೆಕ್ಟರ್ ಮಾತ್ರ, ಅದಕ್ಕೆ ಈ ಮೀಟರ್ ಗಾಳಿಯನ್ನೇ ಕಮ್ಮಿ ಮಾಡಿ, ನಿಜವಾದ ಗಾಳಿಯ ಸುಮಾರು ಶೇಕಡಾ 79ರಷ್ಟೇ ಇದೆ ಅಂತ ತೋರ್ಸತ್ತೆ. ಪೆಟ್ರೋಲ್ ಲೆಕ್ಕ ಸರಿಹೋಗತ್ತೆ ನಿಜ, ಆದ್ರೆ ಲೋಡ್ ಕಮ್ಮಿ ಇದೆ ಅಂತ ತಿಳ್ಕೊಂಡು ಕಂಪ್ಯೂಟರ್ ಟೈಮಿಂಗ್ ಜಾಸ್ತಿ ಅಡ್ವಾನ್ಸ್ ಮಾಡತ್ತೆ, ಬೇಸಿಗೇಲಿ ಏರು ಹತ್ತೋವಾಗ ನಾಕಿಂಗ್ ಶುರುವಾಗತ್ತೆ. ಇಂಜೆಕ್ಟರ್ ಬದಲಾಯಿಸೋದೇ ಆದ್ರೆ ಆ ಮೀಟರ್ ದುಡ್ಡನ್ನ ಕಂಪ್ಯೂಟರ್ ಹಿಂದಿನ ಜೆ3 ಪೋರ್ಟ್‌ಗೆ ಹಾಕೋ ಚಿಪ್‌ಗೆ ಕೊಡಿ, ಟ್ಯೂನ್ ಮಾಡ್ಸಿ. ಅಲ್ಲಿವರೆಗೆ 55 ಎಂಎಂ ಮೀಟರೂ 19 ಪೌಂಡ್ ಇಂಜೆಕ್ಟರೂ ಧಾರಾಳವಾಗಿ ಸಾಕು.