ನೀರಿನ ಜಾಡು ಹಿಡಿದು: ತುಲೂಸ್‌ನಿಂದ ಸೆತ್‌ವರೆಗೆ ಗ್ರ್ಯಾವೆಲ್ ಸೈಕಲ್ ಪ್ರವಾಸ

ದಕ್ಷಿಣ ಫ್ರಾನ್ಸಿನ ಕನಾಲ್ ದ್ಯು ಮಿದಿ ಎಂಬ ಹಳೆಯ ದೋಣಿ ಕಾಲುವೆಯ ಏರಿಯ ಮೇಲೆ ಸೈಕಲ್ ತುಳಿಯಬೇಕೆಂದು ಹೊರಟವರು ಮೊದಲು ಕೇಳುವುದು ಒಟ್ಟು ಎಷ್ಟು ಕಿಲೋಮೀಟರ್ ಅಂತ. ತುಲೂಸ್‌ನಿಂದ ಮೆಡಿಟರೇನಿಯನ್ ಅಂಚಿನ ತೊ ಸರೋವರದ ತನಕ ಕಾಲುವೆ ಸುಮಾರು 240 ಕಿ.ಮೀ. ಅದನ್ನು ದಿನಕ್ಕೆ 80ರಂತೆ ಮೂರು ಪಾಲು ಮಾಡಿ ಹೋಟೆಲ್ ಕಾಯ್ದಿರಿಸಬೇಡಿ. ಇಲ್ಲಿ ಲೆಕ್ಕ ಹಾಕಬೇಕಾದದ್ದು ನೆಲವನ್ನು. ತುಲೂಸ್‌ನಿಂದ ನೊರೂಜ್ ಸಮೀಪದವರೆಗೆ, ಸುಮಾರು 50 ಕಿ.ಮೀ., ನುಣುಪಾದ ಟಾರು ದಾರಿ; ಅರ್ಧ ದಿನ ಸಾಕು. ಓದ್ ಜಿಲ್ಲೆ ಶುರುವಾದ ಮೇಲೆ ಜಲ್ಲಿ, ಮಣ್ಣು, ಬೇರು. ಕೆಲವು ಕಡೆ ಹದ ಮಾಡಿದ್ದಾರೆ, ಕೆಲವು ಕಡೆ ಒಂದು ಸೈಕಲ್ ಮಾತ್ರ ಹಿಡಿಸುವ ಕಾಲುದಾರಿ. ಅಲ್ಲಿ ದಿನಕ್ಕೆ 50 ಕಿ.ಮೀ. ಇಟ್ಟುಕೊಂಡರೆ ಊರುಗಳನ್ನು ನೋಡಲು ಸಮಯ ಸಿಗುತ್ತದೆ.

ಇನ್ನೊಂದು ಸಲಹೆಯನ್ನು ಒತ್ತಿ ಹೇಳುತ್ತೇನೆ. ಕಾಲುವೆಯನ್ನಷ್ಟೇ ಹಿಡಿದು ಹೋಗಬೇಡಿ, ಅದಕ್ಕೆ ನೀರು ಎಲ್ಲಿಂದ ಬರುತ್ತದೋ ಅಲ್ಲಿಗೂ ಹೋಗಿ ಬನ್ನಿ. ಜಲ್ಲಿ, ಮಣ್ಣಿನ ದಾರಿಗೆಂದೇ ದಪ್ಪ ಟೈರು ಹಾಕಿದ ಗ್ರ್ಯಾವೆಲ್ ಸೈಕಲ್ ಇದ್ದವರಿಗೆ ಈ ಪ್ರವಾಸದ ಅತ್ಯುತ್ತಮ ದಾರಿ ಇರುವುದು ಅಲ್ಲೇ.

ನೊರೂಜ್ ಸಮುದ್ರಮಟ್ಟದಿಂದ 189 ಮೀಟರ್ ಎತ್ತರದ ಜಾಗ. ಇಡೀ ಕಾಲುವೆಯ ನೆತ್ತಿ. ಇಲ್ಲಿಂದ ಒಂದು ಕಡೆಯ ನೀರು ಅಟ್ಲಾಂಟಿಕ್ ದಿಕ್ಕಿಗೆ, ಇನ್ನೊಂದು ಕಡೆಯದು ಮೆಡಿಟರೇನಿಯನ್ ದಿಕ್ಕಿಗೆ. ಎರಡು ಸಮುದ್ರಗಳನ್ನು ಜೋಡಿಸುವ ಕನಸು ಹಳೆಯದು. ನೆತ್ತಿಗೆ ನೀರು ತರುವುದು ಹೇಗೆಂಬುದೇ ಬಗೆಹರಿದಿರಲಿಲ್ಲ. ಬೆಜಿಯೆ ಊರಿನಲ್ಲಿ ಹುಟ್ಟಿದ, ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದ ಪಿಯರ್ ಪಾಲ್ ರಿಕೆ ಉತ್ತರದ ಮೊಂತಾನ್ಯ್ ನ್ವಾರ್ ಬೆಟ್ಟಗಳ ತೊರೆಗಳನ್ನು ಸಣ್ಣ ನಾಲೆಗಳಲ್ಲಿ ಹರಿಸಿ, ಸ್ಯಾಂ ಫೆರಿಯೋಲ್‌ನಲ್ಲಿ ಅಣೆಕಟ್ಟು ಕಟ್ಟಿ, ಇಲ್ಲಿಗೆ ನೀರು ತಂದ. 1666ರಲ್ಲಿ 14ನೇ ಲೂಯಿ ಅಪ್ಪಣೆ ಕೊಟ್ಟ. 1681ರಲ್ಲಿ ಕಾಲುವೆ ತೆರೆಯಿತು. ರಿಕೆ ಅದಕ್ಕೆ ಕೆಲವೇ ತಿಂಗಳ ಮುಂಚೆ, 1680ರಲ್ಲಿ, ತೀರಿಕೊಂಡಿದ್ದ.

ನೊರೂಜ್‌ನಿಂದ ರೆವೆಲ್ ಪಟ್ಟಣಕ್ಕೆ ಆ ನಾಲೆಯ ಏರಿಯ ಮೇಲೆಯೇ ದಾರಿ, 40 ಕಿ.ಮೀ. ಆಸುಪಾಸು. ನೀರಿಗೆ ಎದುರಾಗಿ ಹೋಗುವುದಾದರೂ ಏರು ಗೊತ್ತೇ ಆಗುವುದಿಲ್ಲ; ನಾಲೆಯ ಇಳಿಜಾರು ಅಷ್ಟು ಸಣ್ಣದು. ಗೋಧಿ, ಸೂರ್ಯಕಾಂತಿ ಹೊಲಗಳ ನಡುವೆ ಗುಡ್ಡ ಗುಡ್ಡಕ್ಕೂ ಸುತ್ತು ಹಾಕುತ್ತ ಸಾಗುವ ದಾರಿಯಿದು. ದೋಣಿಗಳಿಲ್ಲ, ಪ್ರವಾಸಿಗರು ಕಡಿಮೆ. ರೆವೆಲ್ 1342ರಲ್ಲಿ ಸ್ಥಾಪನೆಯಾದ ಊರು, ಮಧ್ಯದಲ್ಲಿ ಮರದ ಕಂಬಗಳ ಮೇಲೆ ನಿಂತ ದೊಡ್ಡ ಸಂತೆಕಟ್ಟೆ. ಸಂತೆ ಶನಿವಾರ. ಆ ಬೆಳಗ್ಗೆ ಅಲ್ಲಿರುವಂತೆ ದಿನಗಳನ್ನು ಹೊಂದಿಸಿಕೊಂಡರೆ ಚೀಸ್, ಹಣ್ಣು, ಬ್ರೆಡ್ ಎಲ್ಲವೂ ಒಂದೇ ಕಡೆ ಸಿಗುತ್ತವೆ.

ರೆವೆಲ್‌ನಿಂದ ಕಾಲುವೆಗೆ ವಾಪಸ್ ಬರಬೇಕಿಲ್ಲ. ಸ್ಯಾಂ ಫೆರಿಯೋಲ್ ಜಲಾಶಯ ದಾಟಿ ಲೆ ಕಾಮಾಜ್‌ಗೆ ಹತ್ತಿ. ಅಲ್ಲಿ ವೊಬಾಂ ಎಂಬ ಸೇನಾ ಎಂಜಿನಿಯರ್ ಬೆಟ್ಟದ ಕಡೆಯ ಮೇಲಿನ ನಾಲೆಗಾಗಿ ತೋಡಿಸಿದ 122 ಮೀಟರ್ ಸುರಂಗವಿದೆ. ಮುಂದೆ ಸೆಸಾಕ್‌ನ ಪಾಳುಕೋಟೆ, ಆಮೇಲೆ ಹಳೆ ಪುಸ್ತಕದಂಗಡಿಗಳಿಗೆ ಹೆಸರಾದ ಮೊಂತೋಲ್ಯು, ಅಲ್ಲಿಂದ ಕಾರ್ಕಸೊನ್‌ಗೆ ಇಳಿಜಾರು. ಇದರಿಂದ ಕಾಸ್ತೆಲ್ನೊದಾರಿ ಊರು ತಪ್ಪುತ್ತದೆ. ಆ ಊರಿನ ಹೆಸರಾಂತ ಅಡುಗೆ ಕ್ಯಾಸೂಲೆ ಬಿಳಿ ಬೀನ್ಸ್ ಜೊತೆ ಹಂದಿ, ಬಾತುಕೋಳಿ ಮಾಂಸ ಹಾಕಿ ಬೇಯಿಸಿದ್ದು. ತಿನ್ನುವವರು ಮಾತ್ರ ಕಾಲುವೆಯ ದಾರಿಯನ್ನೇ ಹಿಡಿಯಬಹುದು.

ಕಾರ್ಕಸೊನ್ ಕೋಟೆಗೆ ಹಗಲು ಹನ್ನೊಂದರ ಮೇಲೆ ಹೋಗಬೇಡಿ, ಬಸ್ಸುಗಟ್ಟಲೆ ಜನ. ಊರಿನಲ್ಲೇ ತಂಗಿ, ಬೆಳಗ್ಗೆ ಏಳಕ್ಕೆ ಎರಡು ಸುತ್ತಿನ ಗೋಡೆಗಳ ನಡುವಿನ ಬಯಲಿನಲ್ಲಿ ನಡೆದು ನೋಡಿ.

ಕಾರ್ಕಸೊನ್ ಆಚೆ ತ್ರೆಬ್, ಮಾರ್ಸೆಯೆತ್, ಓಂಪ್ಸ್ ಕಡೆಗಿನ ದಾರಿಯಲ್ಲಿ ಸೈಕಲ್ಲಿಗೂ ಸವಾರರಿಗೂ ಪರೀಕ್ಷೆ. ಏರಿಯುದ್ದಕ್ಕೂ ನೆರಳಿಗೆ ನೆಟ್ಟ ಪ್ಲೇನ್ ಎಂಬ ದೊಡ್ಡ ಮರಗಳ ಬೇರುಗಳು ಮಣ್ಣಿನಿಂದ ಬೆರಳು ದಪ್ಪ, ಮುಂಗೈ ದಪ್ಪ ಎದ್ದು ಅಡ್ಡಕ್ಕೆ ಮಲಗಿರುತ್ತವೆ. ಎಲೆಗಳ ನಡುವಿಂದ ಬೀಳುವ ಬಿಸಿಲು ನೆಲದ ಮೇಲೆ ಚುಕ್ಕೆ ಚುಕ್ಕೆಯಾಗಿ ಅಲುಗಾಡುವುದರಿಂದ ಬೇರು ಯಾವುದು ನೆರಳು ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಎಡಕ್ಕೆ ಒಂದು ಮಾರು ದೂರದಲ್ಲಿ ನೀರು. ಕಪ್ಪು ಕನ್ನಡಕ ತೆಗೆದು, ಸೀಟಿನಿಂದ ಸ್ವಲ್ಪ ಎದ್ದು, ಹ್ಯಾಂಡಲ್ ಸಡಿಲವಾಗಿ ಹಿಡಿದು ಹೋಗಿ. ಟೈರು 40 ಮಿ.ಮೀ. ಇರಲಿ, ಗಾಳಿ ಕೊಂಚ ಇಳಿಸಿ. ಸಾಮಾನನ್ನು ಪಕ್ಕದ ದೊಡ್ಡ ಚೀಲಗಳಲ್ಲಿ ತುಂಬುವುದಕ್ಕಿಂತ ಫ್ರೇಮಿಗೂ ಸೀಟಿನ ಹಿಂದಕ್ಕೂ ಕಟ್ಟಿದರೆ ಕುಲುಕಾಟ ಕಡಿಮೆ. ಹಳೆಯ ಕಲ್ಲಿನ ಸೇತುವೆಗಳ ಕಮಾನಿನಡಿ ದಾರಿ ಇದ್ದಕ್ಕಿದ್ದಂತೆ ಕಿರಿದಾಗಿ ತಗ್ಗುತ್ತದೆ, ಎದುರು ಬರುವವರು ಕಾಣುವುದಿಲ್ಲ. ಗಂಟೆ ಬಾರಿಸಿ, ನಡೆದು ಹೋಗುವವರಿಗೆ ದಾರಿ ಬಿಡಿ. ಮಳೆ ಬಂದರೆ ಜೇಡಿಮಣ್ಣು ಚಕ್ರಕ್ಕೂ ಫ್ರೇಮಿಗೂ ನಡುವೆ ಮೆತ್ತಿಕೊಂಡು ಸೈಕಲ್ ನಿಂತೇಬಿಡುತ್ತದೆ. ಆ ದಿನ ಹಟ ಮಾಡದೆ 'ಡಿ' ಅಕ್ಷರದ ಸಣ್ಣ ಜಿಲ್ಲಾ ರಸ್ತೆಗಳಿಗೆ ಹೋಗಿ. ಬಲಬದಿಯ ಸಂಚಾರ ಎಂಬುದು ನೆನಪಿರಲಿ.

ಎಲ್ಲೆಡೆ ನೆರಳು ಇರುತ್ತದೆಂದು ನಂಬಬೇಡಿ. 2006ರಲ್ಲಿ ಈ ಮರಗಳಿಗೆ ಶಿಲೀಂಧ್ರ ರೋಗ ತಗುಲಿರುವುದು ಗೊತ್ತಾಯಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ಮದ್ದುಗುಂಡಿನ ಮರದ ಪೆಟ್ಟಿಗೆಗಳ ಜೊತೆ ಅದು ಯುರೋಪಿಗೆ ಬಂತೆಂದು ಹೇಳುತ್ತಾರೆ. ಮದ್ದಿಲ್ಲ; ಕಡಿದು ಸುಡುವುದೊಂದೇ ದಾರಿ. ಒಟ್ಟು 42,000ದಷ್ಟಿದ್ದ ಮರಗಳಲ್ಲಿ ಸಾವಿರಾರು ಹೋಗಿವೆ. ಬೋಳಾದ ಏರಿಯ ಪಕ್ಕ ಆನಿಕೆ ಕೋಲು ಕಟ್ಟಿದ ಎಳೆಯ ಸಸಿಗಳನ್ನು ಸಾಲಾಗಿ ನೋಡುವಾಗ ಹೊಟ್ಟೆ ಉರಿಯುತ್ತದೆ. ಜುಲೈ, ಆಗಸ್ಟ್ ಬಿಟ್ಟು ಮೇ ಕೊನೆಯಲ್ಲೋ ಸೆಪ್ಟೆಂಬರ್‌ನಲ್ಲೋ ಹೋಗಿ ಎನ್ನುವುದಕ್ಕೆ ಇದೂ ಒಂದು ಕಾರಣ. ನೀರು ಮುಗಿದರೆ ಹಳ್ಳಿಯ ಸ್ಮಶಾನ ಹುಡುಕಿ: ಗೇಟಿನ ಬಳಿ ನಲ್ಲಿ ಇರುತ್ತದೆ. ಕುಡಿಯಬಾರದ ನೀರಾದರೆ 'ನಾನ್ ಪೊತಾಬ್ಲ್' ಎಂಬ ಫಲಕ ಹಾಕಿರುತ್ತಾರೆ.

ಊಟದ ವೇಳೆ ಬಹಳ ಮುಖ್ಯ. ಮಧ್ಯಾಹ್ನ 12ರಿಂದ ಒಂದೂವರೆಯೊಳಗೆ ಕೂತರೆ ಊಟ ಉಂಟು. ಎರಡು ಗಂಟೆಗೆ ಹೋದರೆ ಅಡುಗೆಮನೆ ಮುಚ್ಚಿರುತ್ತದೆ. ಅಂಗಡಿಗಳೂ ಮಧ್ಯಾಹ್ನ ಬಾಗಿಲು ಹಾಕುತ್ತವೆ; ಭಾನುವಾರ ಮಧ್ಯಾಹ್ನ ಮತ್ತು ಸೋಮವಾರ ಹಳ್ಳಿಗಳಲ್ಲಿ ಏನೂ ಸಿಗದಿರಬಹುದು. ಬೆಳಗ್ಗೆಯೇ ಬೇಕರಿಯಲ್ಲಿ ಎರಡು ಹೊತ್ತಿಗಾಗುವಷ್ಟು ಬ್ರೆಡ್ ಕಟ್ಟಿಸಿಕೊಳ್ಳಿ. ಸಸ್ಯಾಹಾರಿಗಳು 'ಮಾಂಸ ಬೇಡ' ಎಂದಷ್ಟೇ ಹೇಳಿದರೆ ಮೀನು ಬರುತ್ತದೆ. 'ನಿ ವಿಯಾಂದ್, ನಿ ಪ್ವಾಸೊಂ' ಎಂದು ಎರಡನ್ನೂ ಹೇಳಿ. ಅದಕ್ಕೂ ಮೊದಲು 'ಬೊಂಜೂರ್' ಹೇಳುವುದನ್ನು ಬಿಡಬೇಡಿ. ಅದಿಲ್ಲದೆ ನೇರ ಮಾತಿಗಿಳಿದರೆ ಅಲ್ಲಿನವರಿಗೆ ಒರಟಾಗಿ ಕೇಳಿಸುತ್ತದೆ.

ಓಂಪ್ಸ್‌ನಿಂದ ಮಿನೆರ್ವ್‌ಗೆ ದ್ರಾಕ್ಷಿತೋಟಗಳ ನಡುವಿನ ಬಂಡಿದಾರಿಗಳಲ್ಲಿ ಒಂದು ದಿನ ಕೊಡಿ. ಎರಡು ಹೊಳೆಗಳು ಕೊರೆದ ಕಮರಿಯ ಮೇಲೆ ನಿಂತ ಊರು. 1210ರಲ್ಲಿ ಮುತ್ತಿಗೆ ಹಾಕಿದ ಸೈನ್ಯ ಇಲ್ಲಿ ಕ್ಯಾಥೊಲಿಕ್ ಚರ್ಚು ಧರ್ಮವಿರೋಧಿಗಳೆಂದು ಸಾರಿದ್ದ ಕ್ಯಾಥರ್ ಎಂಬ ಕ್ರೈಸ್ತ ಪಂಥದ ಸುಮಾರು 140 ಜನರನ್ನು ಸುಟ್ಟುಹಾಕಿತು. ಕಾಲುವೆಗೆ ಮರಳಿ ಲೆ ಸೊಮಾಯ್, ಕಾಪೆಸ್ತಾಂ ದಾಟಿದರೆ ಮಾಲ್ಪಾಸ್. ಜಗತ್ತಿನಲ್ಲೇ ಮೊದಲು ದೋಣಿ ಸಾಗುವ ಕಾಲುವೆಗಾಗಿ ಕೊರೆದ ಸುರಂಗವಿದು, ಉದ್ದ 165 ಮೀಟರ್. ಅದೇ ಗುಡ್ಡದೊಳಗೆ ಕೆಳಗೆ ರೈಲಿನ ಸುರಂಗ, ಅದಕ್ಕೂ ಕೆಳಗೆ ಮಧ್ಯಯುಗದ ನೀರು ಬಸಿಯುವ ಸುರಂಗ. ಸೈಕಲ್ ಬೀಗ ಹಾಕಿ ಆಂಸೆರ್ಯೂನ್ ಗುಡ್ಡ ಹತ್ತಿ: 13ನೇ ಶತಮಾನದಲ್ಲಿ ನೀರು ಬಸಿದು ಹೊಲ ಮಾಡಿದ ಮೊಂತಾದಿ ಕೆರೆಯಂಗಳ ಕಾಣುತ್ತದೆ, ಹೊಲಗಳೆಲ್ಲ ನಡುವಿನ ಒಂದು ಬಿಂದುವಿನಿಂದ ಕಿರಣಗಳ ಹಾಗೆ ಹರಡಿಕೊಂಡಿವೆ.

ಬೆಜಿಯೆಯ ಫೊಂಸೆರಾನ್‌ನಲ್ಲಿ ದೋಣಿಗಳು ಒಂದರ ಕೆಳಗೊಂದು ಕಟ್ಟಿದ ಲಾಕ್‌ಗಳಲ್ಲಿ, ಅಂದರೆ ನೀರಿನ ಮಟ್ಟ ಏರಿಸಿ ಇಳಿಸುವ ಬಾಗಿಲಿರುವ ತೊಟ್ಟಿಗಳಲ್ಲಿ, 21 ಮೀಟರಿಗೂ ಹೆಚ್ಚು ಇಳಿಯುವುದನ್ನು ಪೂರ್ತಿ ನಿಂತು ನೋಡಿ. ಲಾಕ್‌ನ ಗೋಡೆಗಳು ಹೊರಕ್ಕೆ ಬಾಗಿರುವುದನ್ನು ಗಮನಿಸಿ. ನೇರ ಗೋಡೆ ಮಣ್ಣಿನ ಒತ್ತಡಕ್ಕೆ ಕುಸಿದ ಮೇಲೆ ರಿಕೆ ಮೊಟ್ಟೆಯಾಕಾರಕ್ಕೆ ಬದಲಾಯಿಸಿದ. ಮುಂದಿನ ದಾರಿ ಸಲೀಸು. ಮಾರ್ಸೆಯಾಂ ಕಡಲತೀರದಿಂದ ಬಂದರು ಊರಾದ ಸೆತ್‌ವರೆಗೆ ಸಮುದ್ರಕ್ಕೂ ತೊ ಸರೋವರಕ್ಕೂ ನಡುವಿನ ಮರಳುದಿಬ್ಬದಲ್ಲಿ ಸೈಕಲ್ ಪಥವಿದೆ.

ದಿಕ್ಕು ಬದಲಿಸಬೇಡಿ. ವಾಯವ್ಯದಿಂದ ಬೀಸುವ 'ಸೆರ್ಸ್' ಗಾಳಿ ಸಮುದ್ರದ ಕಡೆ ಹೋಗುವವರ ಬೆನ್ನಿಗಿರುತ್ತದೆ. ಸೆತ್‌ನಿಂದ ಶುರು ಮಾಡಿದರೆ ಎದೆಗೆ. ವಾಪಸ್ ತುಲೂಸ್‌ಗೆ ಟಿಇಆರ್ ಎಂಬ ಪ್ರಾದೇಶಿಕ ರೈಲಿನಲ್ಲಿ ಸೈಕಲ್ ಹಾಗೇ ಹತ್ತಿಸಬಹುದು, ಜಾಗ ಮಾತ್ರ ಕಡಿಮೆ. ಭಾನುವಾರ ಸಂಜೆ ಬಿಟ್ಟು ವಾರದ ದಿನ ಬೆಳಗಿನ ಗಾಡಿ ಹಿಡಿಯಿರಿ. ದೂರದ ವೇಗದ ರೈಲುಗಳಲ್ಲಿ ಸೈಕಲ್ಲಿಗೂ ಮುಂಗಡ ಟಿಕೆಟ್ ಬೇಕು, ಇಲ್ಲವೇ ಚಕ್ರ ಕಳಚಿ ಚೀಲಕ್ಕೆ ಹಾಕಬೇಕು. ಹಾಗಾಗಿ ಮಡಚಬಹುದಾದ ತೆಳು ಚೀಲವೊಂದು ಜೊತೆಗಿರಲಿ.