ಕಸ್ತೂರಿಯ ಬಾಲದ ಜಡೆ: ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ

ಅಕ್ಟೋಬರ್ 12

ಕೆನಡಾದ ಒಂಟಾರಿಯೊ ಪ್ರಾಂತ್ಯದ ಗ್ವೆಲ್ಫ್ ನಗರದ ಹೊರವಲಯದಲ್ಲಿರುವ ಲಾಯವೊಂದರಲ್ಲಿ ನಾನು ಸಾಕಿಕೊಂಡಿರುವ ಕಪ್ಪು ಬಣ್ಣದ ಹೆಣ್ಣು ಕುದುರೆ ಕಸ್ತೂರಿಗೆ ಈಗ ಒಂಬತ್ತು ವರ್ಷ. ಅವಳದು ನೆದರ್‌ಲ್ಯಾಂಡ್ಸ್‌ನ ಫ್ರೀಸ್‌ಲ್ಯಾಂಡ್ ಮೂಲದ ಫ್ರೀಸಿಯನ್ ತಳಿಯಾದ್ದರಿಂದ ದಟ್ಟವಾದ ನೀಳ ಬಾಲ ಹುಟ್ಟಿನಿಂದಲೇ ಬಂದಿದೆ. ಕಳೆದ ಚಳಿಗಾಲದಲ್ಲಿ ನಾನು ಆ ಬಾಲವನ್ನು ಅದರ ಪಾಡಿಗೆ ಬಿಟ್ಟಿದ್ದೆ. ಮಂಜುಗಡ್ಡೆಯ ಉಂಡೆಗಳು ತುದಿಗೆ ಅಂಟಿ ಜಗ್ಗಿದವು, ಮಾರ್ಚ್ ತಿಂಗಳ ಕೆಸರು ಒಣಗಿ ಕೂದಲನ್ನು ಮುರಿಯಿತು, ವಸಂತ ಬರುವ ಹೊತ್ತಿಗೆ ಬಾಲದ ಉದ್ದ ಹಿಂದಿನ ಶರತ್ಕಾಲದಲ್ಲಿ ಇದ್ದಷ್ಟೇ ಇತ್ತು. ಬಾಲದ ಕೂದಲು ತಿಂಗಳಿಗೆ ಸುಮಾರು 2 ಸೆಂಟಿಮೀಟರ್ ಬೆಳೆಯುವುದರಿಂದ, ಆರು ತಿಂಗಳಲ್ಲಿ ಬೆಳೆದದ್ದೆಲ್ಲ ತುದಿಯಲ್ಲಿ ಮುರಿದು ಹೋಗಿತ್ತು ಎಂದೇ ಅರ್ಥ. ಈ ವರ್ಷದ ಗುರಿ ಬೆಳೆದದ್ದನ್ನು ಉಳಿಸಿಕೊಳ್ಳುವುದು, ಅಷ್ಟೇ.

ಬಾಲದೊಳಗಿನ ಮೂಳೆ ಮುಗಿಯುವ ಜಾಗದಿಂದ ತುದಿಯವರೆಗೆ ಇಂದಿನ ಅಳತೆ 71 ಸೆಂಟಿಮೀಟರ್. ಬೇಲಿಯ ಬದಿಯ ಬರ್ಡಾಕ್ ಗಿಡದ ಮುಳ್ಳುಕಾಯಿಗಳು ನಮ್ಮೂರಿನ ಉತ್ತರಾಣಿ ಬೀಜಕ್ಕಿಂತ ಹತ್ತು ಪಟ್ಟು ಹಟದಿಂದ ಅಂಟಿಕೊಂಡಿದ್ದವು. ಸಿಲಿಕೋನ್ ಇರುವ ಸ್ಪ್ರೇ ಸಿಂಪಡಿಸಿ, ಕೂದಲು ಜಾರುವಂತಾದ ಮೇಲೆ ಒಂದೊಂದನ್ನೇ ಬೆರಳಿನಿಂದ ಬಿಡಿಸಲು ಎರಡು ಗಂಟೆ ಹಿಡಿಯಿತು. ಬಾಚಣಿಗೆಯನ್ನು ಮುಟ್ಟಲಿಲ್ಲ.

ಅಕ್ಟೋಬರ್ 27

ಮಧ್ಯಾಹ್ನ 17 ಡಿಗ್ರಿ ಸೆಲ್ಸಿಯಸ್ ಬಿಸಿಲು ಸಿಕ್ಕಿದ್ದರಿಂದ ಈ ವರ್ಷದ ಕೊನೆಯ ಸ್ನಾನ ಮುಗಿಸಿದೆ. ಶಾಂಪೂವನ್ನು ಬುಡದ ಚರ್ಮದಲ್ಲಿ ಉಳಿಯದಂತೆ ತೊಳೆಯಬೇಕು, ಉಳಿದರೆ ತುರಿಕೆ ಶುರುವಾಗಿ ಕುದುರೆ ಬಾಲವನ್ನು ಗೋಡೆಗೆ ಉಜ್ಜತೊಡಗುತ್ತದೆ.

ನವೆಂಬರ್ 9

ನೊಣಗಳು ಸಂಪೂರ್ಣವಾಗಿ ಮಾಯವಾದುದನ್ನು ಖಚಿತಪಡಿಸಿಕೊಂಡು ಇಂದು ಜಡೆ ಹೆಣೆದೆ. ಬೇಸಿಗೆಯಲ್ಲಿ ಬಾಲವನ್ನು ಕಟ್ಟಿಡುವುದು ಕುದುರೆಯ ಕೈಯಿಂದ ಬೀಸಣಿಗೆ ಕಿತ್ತುಕೊಂಡಂತೆ, ಆದ್ದರಿಂದ ಈ ಕೆಲಸ ಚಳಿಗಾಲಕ್ಕೆ ಮಾತ್ರ ಸಲ್ಲುತ್ತದೆ.

ಜಡೆಯನ್ನು ಮೂಳೆ ಮುಗಿದ ನಂತರ, ಎರಡು ಬೆರಳು ಕೆಳಗಿನಿಂದ ಆರಂಭಿಸಿದೆ. ಮೂಳೆಯ ಸುತ್ತ ಏನನ್ನೇ ಬಿಗಿದು ಕಟ್ಟಿದರೂ ರಕ್ತಸಂಚಾರ ನಿಂತು ಬಾಲದ ಚರ್ಮ ಮತ್ತು ಮಾಂಸ ಸಾಯಬಹುದು. ಹಾಗಾಗಿ ಈ ಒಂದು ವಿಷಯದಲ್ಲಿ ನಾನು ಯಾವ ರಾಜಿಯನ್ನೂ ಒಪ್ಪುವುದಿಲ್ಲ. ಮೇಲ್ಭಾಗದ ಕೂದಲನ್ನು ಬಿಡಿಯಾಗಿಯೇ ಉಳಿಸಿದ್ದಕ್ಕೆ ಇನ್ನೊಂದು ಕಾರಣವೂ ಇದೆ: ಹಿಮಗಾಳಿ ಬೀಸುವಾಗ ಕುದುರೆಗಳು ಗಾಳಿಗೆ ಬೆನ್ನು ತಿರುಗಿಸಿ ನಿಲ್ಲುತ್ತವೆ, ಆಗ ತೊಡೆಗಳ ನಡುವಿನ ತೆಳು ಚರ್ಮವನ್ನು ಕಾಯುವುದು ಆ ಕೂದಲೇ. ಮೂರು ಎಳೆಯ ಸಡಿಲವಾದ ಜಡೆ ಹೆಣೆದು, ತುದಿಯನ್ನು ಮಡಿಚಿ ಜಡೆಯ ಮೇಲ್ಭಾಗದೊಳಗೆ ತೂರಿಸಿ, ಹತ್ತಿಬಟ್ಟೆಯಿಂದ ನಾನೇ ಹೊಲಿದ ಉದ್ದನೆಯ ಚೀಲದೊಳಗೆ ಇಳಿಸಿ, ಚೀಲದ ದಾರವನ್ನು ಜಡೆಯ ಎಳೆಗಳ ನಡುವೆ ಪೋಣಿಸಿ ಕಟ್ಟಿದೆ. ಚೀಲದ ತಳ ಹಿಂಗಾಲಿನ ನಡುವೆ ಹಿಂದಕ್ಕೆ ಚಾಚಿರುವ ಹಾಕ್ ಎಂಬ ಕೀಲಿಗಿಂತ ಮೇಲೆಯೇ ನಿಲ್ಲುತ್ತದೆ, ಆದ್ದರಿಂದ ಮಲಗಿ ಏಳುವಾಗ ಕಸ್ತೂರಿ ಅದನ್ನು ತುಳಿಯುವ ಸಂಭವವಿಲ್ಲ. ಬೇಲಿಗೆ ಸಿಕ್ಕಿಕೊಂಡರೆ ಕೂದಲಿಗಿಂತ ಮೊದಲು ಕಿತ್ತುಹೋಗಲಿ ಎಂದು ತೆಳುವಾದ ದಾರವನ್ನೇ ಆರಿಸಿದ್ದೇನೆ.

ನವೆಂಬರ್ 30

ಅಮ್ಮ ತುಮಕೂರಿನಿಂದ ಫೋನಿನಲ್ಲಿ, "ಕೊಬ್ಬರಿ ಎಣ್ಣೆ ಹಚ್ಚಿ ಜಡೆ ಹಾಕೋದು ಬಿಟ್ಟು ಅದೇನೋ ಸ್ಪ್ರೇ ಅಂತೀಯಲ್ಲ, ಮಗಳೇ" ಎಂದರು. ಅಮ್ಮನ ಕೈಯಲ್ಲಿ ಬೆಳೆದ ಜಡೆ ನನ್ನದಾದ್ದರಿಂದ ಆ ಮಾತನ್ನು ಗೌರವಿಸಿ, ತುದಿಯ ಒಂದು ಸಣ್ಣ ಎಳೆಗೆ ಮಾತ್ರ ಹಚ್ಚಿ ನೋಡಿದೆ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಸೊನ್ನೆಗಿಂತ ಕೆಳಗಿನ ಇಲ್ಲಿನ ಚಳಿಯಲ್ಲಿ ಅದು ಮೇಣದಂತೆ ಬಿಳಿಯಾಗಿ ಕೂತು ಹುಲ್ಲಿನ ದೂಳನ್ನೆಲ್ಲ ಹಿಡಿದುಕೊಂಡಿತು. ತುಮಕೂರಿಗೆ ಸರಿಯಾದ ಎಣ್ಣೆ ಇಲ್ಲಿನ ಲಾಯಕ್ಕೆ ಹೊಂದಲಿಲ್ಲವೆಂದು ಅಮ್ಮನಿಗೆ ವಿವರಿಸಿದ್ದೇನೆ.

ಡಿಸೆಂಬರ್ 28

ಇದು ನನ್ನ ತಪ್ಪಿನ ದಾಖಲೆ. ರಜೆಯ ಓಡಾಟದಲ್ಲಿ ಹದಿನೆಂಟು ದಿನ ಚೀಲವನ್ನು ಬಿಚ್ಚಿ ನೋಡಿರಲಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಚಳಿ ಸಡಿಲಿಸಿ ಒಂದಿಡೀ ದಿನ ಮಳೆ ಸುರಿಯಿತು, ಮರುರಾತ್ರಿ ಉಷ್ಣಾಂಶ ಮೈನಸ್ 14ಕ್ಕೆ ಇಳಿಯಿತು. ಇಂದು ಬೆಳಿಗ್ಗೆ ಹೋದಾಗ ಬಾಲದ ಕೆಳಗೆ ತೂಗುತ್ತಿದ್ದದ್ದು ಚೀಲವಲ್ಲ, ಮರದ ತುಂಡಿನಂಥ ಮಂಜುಗಡ್ಡೆ. ಕಸ್ತೂರಿ ಹೆಜ್ಜೆ ಇಟ್ಟಾಗಲೆಲ್ಲ ಅದು ಕಾಲಿಗೆ ಬಡಿಯುತ್ತಿತ್ತು, ಅವಳು ಬಾಲವನ್ನು ಬಿಗಿಹಿಡಿದು ನಿಂತಿದ್ದಳು. ಎಳೆಯದೆ, ಕುಟ್ಟದೆ, ಒಳಾಂಗಣದ ಬೆಚ್ಚಗಿನ ಸ್ನಾನದ ಜಾಗಕ್ಕೆ ಕರೆದೊಯ್ದು ಉಗುರುಬೆಚ್ಚನೆಯ ನೀರಿನ ಬಕೆಟ್‌ನಲ್ಲಿ ಅದ್ದಿ ಕರಗಿಸಿದೆ. ಒಳಗಿನ ಜಡೆಯಿಂದ ಮುಗ್ಗಲು ವಾಸನೆ ಬಂತು. ಟವೆಲ್‌ಗಳಿಂದ ಒತ್ತಿ, ಪೂರ್ತಿ ಆರುವವರೆಗೆ ಮೂರು ಗಂಟೆ ಅವಳ ಬಳಿಯೇ ಕುಳಿತಿದ್ದೆ. ಬೆರಳಾಡಿಸಿದಾಗ ಒಂದು ಹಿಡಿಯಷ್ಟು ಮುರಿದ ಕೂದಲು ಕೈಗೆ ಬಂದಿತು.

ಇನ್ನು ಮುಂದೆ ಮಳೆಯ ಮುನ್ಸೂಚನೆ ಇದ್ದರೆ ಹಿಂದಿನ ಸಂಜೆಯೇ ಚೀಲ ತೆಗೆದು ಜಡೆಯನ್ನಷ್ಟೇ ಬಿಡುತ್ತೇನೆ, ಮತ್ತು ಒಣ ಚೀಲ ಸದಾ ಸಿದ್ಧವಿರುವಂತೆ ಇನ್ನೆರಡನ್ನು ಹೊಲಿಯುತ್ತೇನೆ. ಎರಡು ವಾರಕ್ಕೊಮ್ಮೆ ಜಡೆ ಬಿಚ್ಚಿ ಹೊಸದಾಗಿ ಹೆಣೆಯುವುದು ಕಡ್ಡಾಯ.

ಜನವರಿ 19

ಮೈನಸ್ 23. ಹಿಮ ಒಣಗಿದ ಪುಡಿಯಂತಿದೆ, ಚೀಲ ಶುಭ್ರವಾಗಿದೆ. ಕೂದಲು ಬೆಳೆಸುವ ಪೂರಕ ಆಹಾರ ಕೊಡಬೇಕೆಂಬ ಸಲಹೆ ಬಂದಿತ್ತು. ಅಂಥ ಪೂರಕಗಳಲ್ಲಿ ಇರಬಹುದಾದ ಸೆಲೆನಿಯಂ ಎಂಬ ಖನಿಜ ಅತಿಯಾದರೆ ಬಾಲದ ಕೂದಲೇ ಉದುರುತ್ತದೆ; ಅವಳ ಒಣಹುಲ್ಲಿನ ಜೊತೆಗೆ ಈಗಾಗಲೇ ಖನಿಜಗಳ ಮಿಶ್ರಣ ಇರುವುದರಿಂದ ಅದನ್ನು ದುಪ್ಪಟ್ಟು ಮಾಡಲು ನಾನು ಒಪ್ಪಲಿಲ್ಲ.

ಫೆಬ್ರವರಿ 15

ಬಾಲದ ಬುಡದಲ್ಲಿ ಕೂದಲು ಮುರಿದು ಕುಂಚದಂತೆ ನಿಂತಿದೆ, ಲಾಯದ ಗೋಡೆಯಲ್ಲಿ ಉಜ್ಜಿದ ಗುರುತಿದೆ. ಮೊದಲು ಚಳಿಗೆಂದು ಅವಳ ಮೈಗೆ ಹೊದಿಸುವ ಹೊದಿಕೆಯ ಮೇಲೆ ಸಂಶಯಪಟ್ಟೆ. ಪಶುವೈದ್ಯರು ಗುದದ್ವಾರದ ಸುತ್ತಲಿನ ಚರ್ಮಕ್ಕೆ ಅಂಟುಪಟ್ಟಿ ಒತ್ತಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕರುಳಿನಲ್ಲಿದ್ದು ಬಾಲದ ಬುಡದಲ್ಲಿ ತುರಿಕೆ ಹುಟ್ಟಿಸುವ ಪಿನ್‌ವರ್ಮ್ ಹುಳುವಿನ ಮೊಟ್ಟೆಗಳು ಕಂಡವು. ಈ ಹುಳು ಮೊಟ್ಟೆಗಳನ್ನು ಹೊರಗಿನ ಚರ್ಮದ ಮೇಲೆ ಇಡುವುದರಿಂದ ಸಾಮಾನ್ಯ ಲದ್ದಿ ಪರೀಕ್ಷೆಯಲ್ಲಿ ಹಲವು ಬಾರಿ ತಪ್ಪಿಹೋಗುತ್ತದೆಯಂತೆ. ಔಷಧಿ ಕೊಟ್ಟಾಗಿದೆ, ಪ್ರತಿದಿನ ಆ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಎಸೆಯುತ್ತಿದ್ದೇನೆ.

ಮಾರ್ಚ್ 22

ಹಿಮ ಕರಗಿ ಮೈದಾನವೆಲ್ಲ ರಾಡಿ. ಜೊತೆಯ ಕುದುರೆಗಳ ಬಾಲಗಳು ಕೆಸರಿನ ಹಗ್ಗಗಳಾಗಿವೆ. ಕಸ್ತೂರಿಯ ಬಾಲದಲ್ಲಿ ಹೊರಗಿನ ಚೀಲವಷ್ಟೇ ಕೊಳೆಯಾಗಿದೆ, ಒಳಗಿನ ಜಡೆ ಒಣಗಿಯೇ ಇದೆ. ಉಜ್ಜುವಿಕೆ ನಿಂತು ಮೂರು ವಾರವಾಯಿತು.

ಏಪ್ರಿಲ್ 26

ಇಂದು ಮೊದಲ ನೊಣಗಳು ಕಂಡವು, ಅವಳು ಚೀಲವನ್ನೇ ಪಕ್ಕೆಗೆ ಬೀಸಲು ಯತ್ನಿಸುತ್ತಿದ್ದಳು. ತಕ್ಷಣ ಬಿಚ್ಚಿದೆ. ತೊಳೆದು, ಆರಿಸಿ, ತುದಿಯಿಂದ ಮೇಲಕ್ಕೆ ಬೆರಳಿನಲ್ಲೇ ಸಿಕ್ಕು ಬಿಡಿಸಿ ಅಳೆದಾಗ 80 ಸೆಂಟಿಮೀಟರ್ ಬಂದಿತು. ಡಿಸೆಂಬರ್‌ನಲ್ಲಿ ಮುರಿದ ಎಳೆಗಳು ಒಂದು ಬದಿಯಲ್ಲಿ ಇನ್ನೂ ಗಿಡ್ಡವಾಗಿಯೇ ಕಾಣುತ್ತವೆ. ತುದಿಯ 2 ಸೆಂಟಿಮೀಟರ್ ನೇರಗೊಳಿಸಿ ಕತ್ತರಿಸಿ, ಚೀಲಗಳನ್ನು ಒಗೆದು ಒಣಗಿಸಿ, ನವೆಂಬರ್‌ಗೆಂದು ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.